ಸಂಬಳ ಖಾತೆಗೆ ಬಂದಿಲ್ಲವೇ? ಮೊದಲು ಕೇಳಬೇಕಾದದ್ದು ಒಂದು ನಂಬರ್

ತಿಂಗಳ ಮೊದಲ ವಾರ ಬಂತೆಂದರೆ ನಮಗೆ ಬರುವ ಫಾರ್ವರ್ಡ್‌ಗಳಲ್ಲಿ ಸಂಬಳದ ಸುದ್ದಿ ಇದ್ದೇ ಇರುತ್ತದೆ. "ಈ ಸಲ ಸಾಲು ಸಾಲು ಬ್ಯಾಂಕ್ ರಜೆ, ಸಂಬಳ 5ರ ನಂತರವೇ." "ಆರ್‌ಬಿಐ ಸರ್ವರ್ ಡೌನ್, ಎಲ್ಲರ ಸಂಬಳ ತಡ." "7ನೇ ತಾರೀಖು ದಾಟಿದರೆ ಕಂಪನಿ ಹತ್ತು ಪಟ್ಟು ಕೊಡಲೇಬೇಕು, ಎಲ್ಲರಿಗೂ ಶೇರ್ ಮಾಡಿ." ಕಳಿಸಿದವರು ಕೊನೆಗೆ ಒಂದು ಸಾಲು ಸೇರಿಸಿರುತ್ತಾರೆ: "ಇದು ನಿಜವಾ?"

ಹೀಗೆ ಕೇಳಿದವರಲ್ಲಿ ಬೆಂಗಳೂರಿನ ಕಚೇರಿಯೊಂದರಲ್ಲಿ ಹೌಸ್‌ಕೀಪಿಂಗ್ ಕೆಲಸ ಮಾಡುವ ಮಹಿಳೆಯೊಬ್ಬರಿದ್ದರು. ಜೊತೆಯಲ್ಲಿ ಕೆಲಸ ಮಾಡುವವರಿಗೆಲ್ಲ ಸಂಬಳ ಆಗಿತ್ತು, ಇವರಿಗೆ ಆಗಿರಲಿಲ್ಲ. ಸೂಪರ್‌ವೈಸರ್‌ನ ಕೇಳಿದರೆ "ನಾವು ಹಾಕಿದ್ದೀವಮ್ಮ, ಬ್ಯಾಂಕಲ್ಲಿ ಕೇಳಿ" ಎಂದರು. ಬ್ಯಾಂಕಿಗೆ ಹೋದರೆ "ನಿಮ್ಮ ಖಾತೆಗೆ ಏನೂ ಬಂದಿಲ್ಲ, ಕಂಪನಿಯಲ್ಲಿ ಕೇಳಿ" ಎಂದರು. ಎರಡು ಸಲ ಅರ್ಧ ದಿನ ರಜೆ ಹಾಕಿ ಓಡಾಡಿದರು. ಆ ರಜೆಯ ಕೂಲಿಯೂ ಹೋಯಿತು. ಬಾಡಿಗೆಗೆಂದು ಬಡ್ಡಿಗೆ ಕೈಸಾಲ ಮಾಡಿದರು. ಒಂಬತ್ತು ದಿನದ ಮೇಲೆ ಗೊತ್ತಾಗಿದ್ದು ಇಷ್ಟು: ಹೊಸ ಗುತ್ತಿಗೆದಾರರು ತಯಾರಿಸಿದ ಪಟ್ಟಿಯಲ್ಲಿ ಇವರ ಖಾತೆ ನಂಬರಿನ ಎರಡು ಅಂಕಿ ಅದಲುಬದಲಾಗಿದ್ದವು. ಅಂಥ ಖಾತೆಯೇ ಇಲ್ಲದ್ದರಿಂದ ಹಣ ಅದೇ ದಿನ ಗುತ್ತಿಗೆದಾರರ ಖಾತೆಗೆ ವಾಪಸ್ ಹೋಗಿತ್ತು. ಯಾರೂ ಗಮನಿಸಿರಲಿಲ್ಲ.

ಇಲ್ಲಿ ಸೂಪರ್‌ವೈಸರ್ ಸುಳ್ಳು ಹೇಳಿರಲಿಲ್ಲ, ಬ್ಯಾಂಕಿನವರೂ ಹೇಳಿರಲಿಲ್ಲ. ಹಣ ಕಳಿಸಿದ್ದು ನಿಜ, ಬಂದಿಲ್ಲದ್ದೂ ನಿಜ. ಇವೆರಡರ ನಡುವೆ ಏನಾಯಿತು ಎಂದು ಹೇಳಬಲ್ಲದ್ದು ಒಂದು ನಂಬರ್. ಆ ನಂಬರನ್ನು ಯಾರೂ ಕೊಡಲಿಲ್ಲ, ಕೇಳಬೇಕೆಂದು ಇವರಿಗೂ ಗೊತ್ತಿರಲಿಲ್ಲ. ಆ ನಂಬರ್ ಯಾವುದು, ಅದು ಸಿಕ್ಕರೆ ಏನು ಮಾಡಬೇಕು, ಸಿಗದಿದ್ದರೆ ಯಾರ ಬಾಗಿಲು ತಟ್ಟಬೇಕು ಎಂಬುದನ್ನು ಈ ಬರಹದಲ್ಲಿ ನೋಡೋಣ.

ಸಂಬಳ ನಿಮ್ಮ ಖಾತೆಗೆ ಬರುವ ದಾರಿ

ಸಂಬಳದ ದಿನ ನಿಮ್ಮ ಎಚ್‌ಆರ್ ಅಥವಾ ಅಕೌಂಟ್ಸ್ ವಿಭಾಗದವರು ಒಂದು ಪಟ್ಟಿ ತಯಾರಿಸುತ್ತಾರೆ. ಅದರಲ್ಲಿ ಪ್ರತಿಯೊಬ್ಬರ ಹೆಸರು, ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಕೋಡ್ ಮತ್ತು ಮೊತ್ತ ಇರುತ್ತದೆ. ಈ ಪಟ್ಟಿಯನ್ನು ಕಂಪನಿಯ ಬ್ಯಾಂಕಿಗೆ ಆನ್‌ಲೈನ್‌ನಲ್ಲಿ ಸಲ್ಲಿಸುತ್ತಾರೆ. ಅಧಿಕಾರ ಇರುವವರೊಬ್ಬರು ಒಪ್ಪಿಗೆ ಕೊಟ್ಟ ಮೇಲೆ ಹಣ ಹೊರಡುತ್ತದೆ.

ನಿಮ್ಮ ಖಾತೆಯೂ ಕಂಪನಿಯ ಖಾತೆಯೂ ಒಂದೇ ಬ್ಯಾಂಕಿನಲ್ಲಿದ್ದರೆ ಹಣ ಆ ಬ್ಯಾಂಕಿನ ಒಳಗೇ ವರ್ಗಾವಣೆ ಆಗುತ್ತದೆ. ಬೇರೆ ಬೇರೆ ಬ್ಯಾಂಕಾದರೆ ಹೆಚ್ಚಾಗಿ ಎರಡು ದಾರಿ. ಒಂದು, ರಿಸರ್ವ್ ಬ್ಯಾಂಕ್ ನಡೆಸುವ ನೆಫ್ಟ್. ಇನ್ನೊಂದು, ಎನ್‌ಪಿಸಿಐ ನಡೆಸುವ ನ್ಯಾಚ್. ಸಾವಿರಾರು ಜನರಿಗೆ ಒಟ್ಟಿಗೆ ಹಣ ಹಾಕಲು, ಸಾಲದ ಕಂತನ್ನು ಖಾತೆಯಿಂದ ತಾನಾಗಿ ಕಡಿತ ಮಾಡಲು ಬಳಸುವುದು ಈ ನ್ಯಾಚ್.

ಹಾಗಾಗಿ ಸಂಬಳ ಸಿಕ್ಕಿಕೊಳ್ಳಬಹುದಾದ ಜಾಗ ಮೂರೇ ಮೂರು. ಕಂಪನಿ ಕಳಿಸಿಯೇ ಇಲ್ಲದಿರಬಹುದು. ಕಳಿಸಿದ ಹಣ ವಿವರ ತಪ್ಪಾಗಿ ಬೇರೆ ಕಡೆ ಹೋಗಿರಬಹುದು ಅಥವಾ ವಾಪಸ್ ಆಗಿರಬಹುದು. ಇಲ್ಲವೇ ನಿಮ್ಮ ಬ್ಯಾಂಕಿಗೆ ಬಂದೂ ಖಾತೆಗೆ ಜಮಾ ಆಗದೆ ನಿಂತಿರಬಹುದು. ಮೂರಕ್ಕೂ ಪರಿಹಾರ ಬೇರೆ ಬೇರೆ.

"ಬ್ಯಾಂಕ್ ರಜೆ, ಅದಕ್ಕೇ ಬಂದಿಲ್ಲ" ನಿಜವೇ?

ಹಿಂದೆ ನಿಜವಾಗಿತ್ತು, ಈಗ ಅರ್ಧ ಮಾತ್ರ ನಿಜ.

ನೆಫ್ಟ್ ಮೊದಲು ಬ್ಯಾಂಕಿನ ಕೆಲಸದ ದಿನಗಳಲ್ಲಿ, ನಿಗದಿತ ಹೊತ್ತಿನಲ್ಲಿ ಮಾತ್ರ ನಡೆಯುತ್ತಿತ್ತು. 2019ರ ಡಿಸೆಂಬರ್ 16ರಿಂದ ಅದು ವರ್ಷದ ಎಲ್ಲ ದಿನ, ದಿನದ 24 ಗಂಟೆಯೂ ನಡೆಯುತ್ತಿದೆ. ಅರ್ಧ ಗಂಟೆಗೊಂದು ಕಂತಿನಂತೆ ದಿನಕ್ಕೆ 48 ಕಂತು. ನ್ಯಾಚ್ ಕೂಡ 2021ರ ಆಗಸ್ಟ್ 1ರಿಂದ ಭಾನುವಾರ, ಹಬ್ಬ ಎನ್ನದೆ ಎಲ್ಲ ದಿನ ಕೆಲಸ ಮಾಡುತ್ತದೆ. ಆದ್ದರಿಂದ "ಎರಡನೇ ಶನಿವಾರ, ಹಾಗಾಗಿ ಹಣ ದಾರಿಯಲ್ಲಿ ನಿಂತಿದೆ" ಎಂಬ ಮಾತು ಈಗ ಸರಿಯಲ್ಲ.

ಉಳಿದ ಅರ್ಧ ಏನು? ವ್ಯವಸ್ಥೆಗೆ ರಜೆ ಇಲ್ಲ, ಮನುಷ್ಯರಿಗೆ ಇದೆ. ಪಟ್ಟಿ ಮಾಡುವವರು, ಅದಕ್ಕೆ ಒಪ್ಪಿಗೆ ಕೊಡುವವರು ರಜೆಯಲ್ಲಿದ್ದರೆ ಹಣ ಹೊರಡುವುದೇ ಇಲ್ಲ. ಆಗ ತಡವಾಗಿರುವುದು ಕಂಪನಿಯಲ್ಲಿ. "ಬ್ಯಾಂಕ್ ರಜೆ" ಎಂಬ ಉತ್ತರ ಬಂದಾಗ "ಪಟ್ಟಿ ಬ್ಯಾಂಕಿಗೆ ಹೋಗಿದೆಯೇ?" ಎಂದು ಮರುಪ್ರಶ್ನೆ ಕೇಳುವುದರಲ್ಲಿ ತಪ್ಪಿಲ್ಲ.

ಯಾರನ್ನೂ ಕೇಳುವ ಮೊದಲು ಐದು ನಿಮಿಷದ ಪರೀಕ್ಷೆ

ಒಂದು, ಎಸ್‌ಎಂಎಸ್ ಬಂದಿಲ್ಲ ಎಂದರೆ ಹಣ ಬಂದಿಲ್ಲ ಎಂದಲ್ಲ. ಮೆಸೇಜ್ ತಡವಾಗಬಹುದು, ತಲುಪದೆಯೂ ಇರಬಹುದು. ಬ್ಯಾಂಕಿನ ಆ್ಯಪ್‌ನಲ್ಲಿ ಖಾತೆಯ ವಿವರ ನೋಡಿ, ಇಲ್ಲವೇ ಪಾಸ್‌ಬುಕ್ ಎಂಟ್ರಿ ಹಾಕಿಸಿ.

ಎರಡು, ಉಳಿದಿರುವ ಮೊತ್ತ ಮಾತ್ರ ನೋಡಬೇಡಿ, ಪ್ರತಿ ಸಾಲನ್ನೂ ನೋಡಿ. ಸಂಬಳ ಬಂದ ಮರುಕ್ಷಣವೇ ಸಾಲದ ಕಂತು, ಹಿಂದಿನ ತಿಂಗಳ ಬಾಕಿ ಕಂತು, ಕನಿಷ್ಠ ಮೊತ್ತ ಇಲ್ಲದ್ದಕ್ಕೆ ಹಾಕಿದ ದಂಡ ಕಡಿತವಾಗಿರಬಹುದು. "ಸಂಬಳ ಬಂದಿಲ್ಲ" ಎಂದುಕೊಂಡದ್ದು ಕೆಲವೊಮ್ಮೆ "ಬಂದು ಹೋಗಿದೆ" ಆಗಿರುತ್ತದೆ.

ಮೂರು, ನಿಮ್ಮ ಹಳೆಯ ಖಾತೆಗಳನ್ನೂ ನೋಡಿ. ಖಾತೆ ಬದಲಿಸಿಕೊಟ್ಟಿದ್ದರೂ ಪಟ್ಟಿಯಲ್ಲಿ ಹಳೆಯದೇ ಉಳಿದಿರಬಹುದು.

ನಾಲ್ಕು, ಜೊತೆಯವರಿಗೆ ಆಗಿದೆಯೇ ಕೇಳಿ. ಯಾರಿಗೂ ಆಗಿಲ್ಲ ಎಂದರೆ ಬಹುಮಟ್ಟಿಗೆ ಕಂಪನಿ ಇನ್ನೂ ಕಳಿಸಿಲ್ಲ. ಒಂದೇ ಬ್ಯಾಂಕಿನವರಿಗೆ ಮಾತ್ರ ಆಗಿಲ್ಲ ಎಂದರೆ ಆ ಬ್ಯಾಂಕಿನಲ್ಲಿ ತೊಡಕಿರಬಹುದು. ನಿಮಗೊಬ್ಬರಿಗೇ ಆಗಿಲ್ಲ ಎಂದರೆ ನಿಮ್ಮ ವಿವರದಲ್ಲಿ ತಪ್ಪಿರುವ ಸಾಧ್ಯತೆ ಹೆಚ್ಚು. "ಎಲ್ಲರದ್ದೂ ತಡವಂತೆ" ಎಂಬ ಫಾರ್ವರ್ಡ್ ನಂಬಿ ಸುಮ್ಮನಿರುವುದಕ್ಕಿಂತ ಪಕ್ಕದ ಟೇಬಲ್‌ನವರನ್ನು ಕೇಳುವುದು ಲೇಸು.

ಆ ನಂಬರ್: ಯುಟಿಆರ್

ಬ್ಯಾಂಕಿನಿಂದ ಬ್ಯಾಂಕಿಗೆ ಹೋಗುವ ಪ್ರತಿ ವರ್ಗಾವಣೆಗೂ ಒಂದು ಗುರುತಿನ ಸಂಖ್ಯೆ ಇರುತ್ತದೆ. ನೆಫ್ಟ್‌ನಲ್ಲಿ ಅದನ್ನು ಯುಟಿಆರ್ ಎನ್ನುತ್ತಾರೆ. ನ್ಯಾಚ್‌ನಲ್ಲಿ, ಒಂದೇ ಬ್ಯಾಂಕಿನ ಒಳಗಿನ ವರ್ಗಾವಣೆಯಲ್ಲಿ ಕೂಡ ಇಂಥದ್ದೇ ಒಂದು ರೆಫರೆನ್ಸ್ ನಂಬರ್ ಇರುತ್ತದೆ. ಕೊರಿಯರ್ ಕಳಿಸಿದಾಗ ಸಿಗುವ ಟ್ರ್ಯಾಕಿಂಗ್ ನಂಬರ್ ಇದ್ದ ಹಾಗೆ. ಈ ನಂಬರ್ ಇಟ್ಟುಕೊಂಡು ಹಣ ತಲುಪಿದೆಯೇ, ವಾಪಸ್ ಆಗಿದೆಯೇ, ಯಾವ ಖಾತೆಗೆ ಹೋಗಿದೆ ಎಂದು ಬ್ಯಾಂಕಿನವರು ಹುಡುಕಬಲ್ಲರು. ನಂಬರ್ ಇಲ್ಲದೆ ಕೇಳಿದರೆ "ನಿಮ್ಮ ಖಾತೆಯಲ್ಲಿ ಇಲ್ಲ" ಎನ್ನುವುದಷ್ಟೇ ಅವರಿಗೆ ಸಾಧ್ಯ.

ಹಾಗಾಗಿ "ಸಂಬಳ ಯಾಕೆ ಆಗಿಲ್ಲ?" ಎಂದು ಕೇಳುವ ಬದಲು ಯುಟಿಆರ್ ಕೇಳಿ. ಬಾಯಿಮಾತಿನಲ್ಲಿ ಬೇಡ, ಇಮೇಲ್ ಅಥವಾ ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕೇಳಿ. ಹೀಗೆ ಬರೆಯಬಹುದು:

"ನಮಸ್ಕಾರ ಸರ್. ಕಳೆದ ತಿಂಗಳ ನನ್ನ ಸಂಬಳ ಇವತ್ತಿನವರೆಗೂ ಖಾತೆಗೆ ಜಮಾ ಆಗಿಲ್ಲ. ಹಣ ಕಳಿಸಿದ್ದರೆ ಕಳಿಸಿದ ದಿನಾಂಕ, ಮೊತ್ತ, ಯಾವ ಖಾತೆ ನಂಬರಿಗೆ ಕಳಿಸಿದ್ದೀರಿ ಮತ್ತು ಯುಟಿಆರ್ ನಂಬರ್ ತಿಳಿಸಿ. ಇನ್ನೂ ಕಳಿಸಿಲ್ಲದಿದ್ದರೆ ಯಾವ ದಿನ ಕಳಿಸುತ್ತೀರಿ ಎಂದು ತಿಳಿಸಿ."

ಇದರಲ್ಲಿ ಜಗಳವಿಲ್ಲ, ದೂರಿಲ್ಲ. ಆದರೆ ಇದಕ್ಕೆ ಎರಡೇ ಉತ್ತರ ಸಾಧ್ಯ. ನಂಬರ್ ಬರುತ್ತದೆ, ಇಲ್ಲವೇ ಬರುವುದಿಲ್ಲ. ನಂಬರ್ ಬಂದರೆ ಮುಂದಿನ ಹೆಜ್ಜೆ ಬ್ಯಾಂಕಿನ ಕಡೆ. ಬರದಿದ್ದರೆ ಹಣ ಇನ್ನೂ ಹೊರಟಿಲ್ಲ ಎಂದೇ ಭಾವಿಸಿ, ಕಂಪನಿಯ ಬೆನ್ನು ಬಿಡಬೇಡಿ.

ಯುಟಿಆರ್ ಸಿಕ್ಕಿತು, ಈಗ ಬ್ಯಾಂಕಿನಲ್ಲಿ ಏನು ಕೇಳಬೇಕು?

ನೆಫ್ಟ್‌ಗೆ ಆರ್‌ಬಿಐ ಗಡುವು ಇಟ್ಟಿದೆ. ಒಂದು ಕಂತು ಮುಗಿದ ಎರಡು ಗಂಟೆಯೊಳಗೆ ಪಡೆಯುವ ಬ್ಯಾಂಕ್ ಹಣವನ್ನು ಖಾತೆಗೆ ಜಮಾ ಮಾಡಬೇಕು, ಜಮಾ ಮಾಡಲು ಆಗದಿದ್ದರೆ ವಾಪಸ್ ಕಳಿಸಬೇಕು. ತಡ ಮಾಡಿದರೆ ಆರ್‌ಬಿಐ ರೆಪೋ ದರಕ್ಕೆ ಶೇ 2 ಸೇರಿಸಿ, ತಡವಾದ ದಿನಗಳಿಗೆ ಬಡ್ಡಿ ಕೊಡಬೇಕು. ಇದು ದೊಡ್ಡ ಮೊತ್ತವೇನಲ್ಲ. ರೆಪೋ ಮತ್ತು ಶೇ 2 ಸೇರಿ ವರ್ಷಕ್ಕೆ ಶೇ 7 ಎಂದು ಇಟ್ಟುಕೊಂಡರೆ, 20,000 ರೂಪಾಯಿ ಹತ್ತು ದಿನ ತಡವಾದದ್ದಕ್ಕೆ ಸಿಗುವುದು ಸುಮಾರು 38 ರೂಪಾಯಿ. ಆದರೂ ಈ ನಿಯಮ ನಿಮಗೆ ಗೊತ್ತಿದೆ ಎಂದು ತೋರಿಸಿದರೆ ಕೌಂಟರ್‌ನಲ್ಲಿ "ನಾಳೆ ಬನ್ನಿ" ಎನ್ನುವುದು ಕಷ್ಟವಾಗುತ್ತದೆ.

ಬ್ಯಾಂಕಿನಿಂದ ಬರಬಹುದಾದ ಉತ್ತರಗಳು ಇವು.

ಹಣ ವಾಪಸ್ ಹೋಗಿದೆ: ಖಾತೆ ನಂಬರ್ ತಪ್ಪಿದೆ, ಖಾತೆ ಮುಚ್ಚಿದೆ, ಇಲ್ಲವೇ ಐಎಫ್‌ಎಸ್‌ಸಿ ಹಳೆಯದು. ನಮ್ಮ ರಾಜ್ಯದಲ್ಲಿ ಐಎಫ್‌ಎಸ್‌ಸಿ ಸಮಸ್ಯೆಗೆ ವಿಶೇಷ ಕಾರಣವಿದೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐ ಜೊತೆ, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾ ಜೊತೆ, 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾ ಜೊತೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕ್ ಜೊತೆ ವಿಲೀನವಾದವು. 2025ರ ಮೇ 1ರಂದು ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳೂ ಸೇರಿ ಒಂದಾದವು. ಬ್ಯಾಂಕ್ ವಿಲೀನವಾದಾಗ ಐಎಫ್‌ಎಸ್‌ಸಿ ಬದಲಾಗುವುದುಂಟು. ಊರಿನ ಬ್ಯಾಂಕಿನ ಹಳೆಯ ಪಾಸ್‌ಬುಕ್ ನೋಡಿ ವಿವರ ಕೊಡುವವರು ಇಲ್ಲೇ ಎಡವುತ್ತಾರೆ. ಐಎಫ್‌ಎಸ್‌ಸಿಯಲ್ಲಿ 11 ಅಕ್ಷರ-ಅಂಕಿಗಳಿರುತ್ತವೆ. ಮೊದಲ ನಾಲ್ಕು ಬ್ಯಾಂಕಿನ ಗುರುತು, ಐದನೆಯದು ಸೊನ್ನೆ, ಕೊನೆಯ ಆರು ಶಾಖೆಯ ಗುರುತು. ಐದನೆಯದನ್ನು ಸೊನ್ನೆಯ ಬದಲು ಇಂಗ್ಲಿಷಿನ 'ಓ' ಅಕ್ಷರವಾಗಿ ಬರೆಯುವುದೂ ಸಾಮಾನ್ಯ ತಪ್ಪು.

ಬೇರೆಯವರ ಖಾತೆಗೆ ಹೋಗಿದೆ: ಖಾತೆ ನಂಬರ್ ತಪ್ಪಾಗಿದ್ದು, ಆ ತಪ್ಪು ನಂಬರಿನಲ್ಲಿ ಇನ್ಯಾರದೋ ಖಾತೆ ಇದ್ದರೆ ಹಣ ಅಲ್ಲಿಗೆ ಹೋಗುತ್ತದೆ. "ಹೆಸರು ಬೇರೆ ಇದ್ದರೆ ಬ್ಯಾಂಕ್ ತಡೆಯುತ್ತದೆ" ಎಂಬುದು ತಪ್ಪು ನಂಬಿಕೆ. ಇಂಥ ವರ್ಗಾವಣೆಯಲ್ಲಿ ಹಣ ಜಮಾ ಆಗುವುದು ಖಾತೆ ನಂಬರ್ ನೋಡಿ, ಹೆಸರು ನೋಡಿ ಅಲ್ಲ. ಕಳಿಸುವ ಮೊದಲು ಪಡೆಯುವವರ ಹೆಸರು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ನೆಫ್ಟ್, ಆರ್‌ಟಿಜಿಎಸ್‌ಗೆ ಒದಗಿಸುವಂತೆ ಆರ್‌ಬಿಐ ಬ್ಯಾಂಕುಗಳಿಗೆ ಹೇಳಿದೆ. ಆದರೆ ನೂರಾರು ಜನರ ಪಟ್ಟಿಯನ್ನು ಒಟ್ಟಿಗೆ ಹಾಕುವಾಗ ಒಂದೊಂದೇ ಹೆಸರು ತಾಳೆ ನೋಡುವವರು ಕಡಿಮೆ. ಹೀಗಾದಾಗ ತಮ್ಮ ಬ್ಯಾಂಕಿಗೆ ದೂರು ಕೊಟ್ಟು ಹಣ ವಾಪಸ್ ತರಿಸಬೇಕಾದವರು ಕಳಿಸಿದವರು, ಅಂದರೆ ಕಂಪನಿ. ನೀವು ಸರಿಯಾದ ನಂಬರ್ ಕೊಟ್ಟಿದ್ದು ಅವರು ತಪ್ಪಾಗಿ ಹಾಕಿದ್ದರೆ, ಅದು ನಿಮಗೆ ಸಂಬಳ ಕೊಟ್ಟಂತೆ ಆಗುವುದಿಲ್ಲ. "ಆ ಹಣ ವಾಪಸ್ ಬರಲಿ, ಆಮೇಲೆ ಕೊಡ್ತೀವಿ" ಎಂಬ ಮಾತನ್ನು ಒಪ್ಪಬೇಕಾಗಿಲ್ಲ.

ಬ್ಯಾಂಕಿಗೆ ಬಂದಿದೆ, ಖಾತೆಯಲ್ಲಿ ತೊಡಕಿದೆ: ಕೆವೈಸಿ ಬಾಕಿ ಇರಬಹುದು, ಯಾವುದೋ ಆದೇಶದಿಂದ ಖಾತೆ ತಡೆಹಿಡಿದಿರಬಹುದು. ಕಾರಣವನ್ನು ಬರೆದು ಕೊಡಲು ಕೇಳಿ.

ಬ್ಯಾಂಕಿಗೆ ಕೊಡುವ ದೂರನ್ನೂ ಬರೆದೇ ಕೊಡಿ, ದೂರಿನ ಸಂಖ್ಯೆ ಪಡೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸರಿಯೆನಿಸದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ ದೂರಬಹುದು. ಇದಕ್ಕೆ ಶುಲ್ಕವಿಲ್ಲ. ಆರ್‌ಬಿಐನ ಸಿಎಂಎಸ್ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು, ಮಾಹಿತಿಗೆ 14448ಕ್ಕೆ ಕರೆ ಮಾಡಬಹುದು. ಒಂದು ಮಾತು ನೆನಪಿರಲಿ: ಒಂಬುಡ್ಸ್‌ಮನ್ ಇರುವುದು ಬ್ಯಾಂಕಿನ ತಪ್ಪಿಗೆ. ಕಂಪನಿ ಸಂಬಳವನ್ನೇ ಕಳಿಸಿಲ್ಲ ಎಂಬ ದೂರನ್ನು ಅವರು ತೆಗೆದುಕೊಳ್ಳುವುದಿಲ್ಲ.

ಯುಟಿಆರ್ ಇಲ್ಲ ಎಂದರೆ ಹಣ ಹೊರಟಿಲ್ಲ

ಇಲ್ಲಿ ಬರುವುದು ಕಾರ್ಮಿಕ ಕಾನೂನು. 2025ರ ನವೆಂಬರ್ 21ರಿಂದ ವೇತನ ಸಂಹಿತೆ 2019 ಜಾರಿಯಲ್ಲಿದೆ. 1936ರ ವೇತನ ಪಾವತಿ ಕಾಯ್ದೆಯೂ ಸೇರಿ ನಾಲ್ಕು ಹಳೆಯ ಕಾಯ್ದೆಗಳ ಜಾಗದಲ್ಲಿ ಇದು ಬಂದಿದೆ. ಅಂತರ್ಜಾಲದಲ್ಲಿ ಹುಡುಕಿದರೆ ಇನ್ನೂ ಹಳೆಯ ಕಾಯ್ದೆಯ ಮಾಹಿತಿಯೇ ಹೆಚ್ಚಾಗಿ ಸಿಗುವುದರಿಂದ ಗೊಂದಲ ಜಾಸ್ತಿ. ಮುಖ್ಯ ವ್ಯತ್ಯಾಸಗಳು ಇವು.

ತಾರೀಖು: ತಿಂಗಳ ಸಂಬಳವನ್ನು ಮುಂದಿನ ತಿಂಗಳ 7ನೇ ತಾರೀಖು ಮುಗಿಯುವುದರೊಳಗೆ ಕೊಡಬೇಕು. ಸಾವಿರಕ್ಕಿಂತ ಕಡಿಮೆ ಕೆಲಸಗಾರರಿದ್ದರೆ 7, ಹೆಚ್ಚಿದ್ದರೆ 10 ಎಂಬ ಲೆಕ್ಕ ಹಳೆಯ ಕಾಯ್ದೆಯದು. ವಾರದ ಲೆಕ್ಕದವರಿಗೆ ವಾರದ ಕೊನೆಯ ಕೆಲಸದ ದಿನ, ದಿನಗೂಲಿಯವರಿಗೆ ಪಾಳಿ ಮುಗಿದಾಗ ಕೊಡಬೇಕು.

ಯಾರಿಗೆ: ತಿಂಗಳಿಗೆ 24,000 ರೂಪಾಯಿವರೆಗೆ ಸಂಬಳ ಇದ್ದವರಿಗೆ ಮಾತ್ರ ಎಂಬ ಮಿತಿ ಹಳೆಯ ಕಾಯ್ದೆಯಲ್ಲಿತ್ತು. ಹೊಸ ಸಂಹಿತೆಯಲ್ಲಿ ಆ ಮಿತಿ ಇಲ್ಲ. ಐಟಿ ಕಂಪನಿಯ ಮ್ಯಾನೇಜರ್‌ಗೂ ಗಾರ್ಮೆಂಟ್ಸ್ ಕೆಲಸದವರಿಗೂ ಗಡುವು ಒಂದೇ.

ಕೆಲಸ ಬಿಟ್ಟವರಿಗೆ: ರಾಜೀನಾಮೆ ಕೊಟ್ಟಿರಲಿ, ಕೆಲಸದಿಂದ ತೆಗೆದಿರಲಿ, ಬಾಕಿ ಸಂಬಳವನ್ನು ಎರಡು ಕೆಲಸದ ದಿನದೊಳಗೆ ಕೊಡಬೇಕು. "ಫುಲ್ ಅಂಡ್ ಫೈನಲ್ 45 ದಿನ ಆಗುತ್ತದೆ, ಅದೇ ರೂಲ್ಸ್" ಎಂಬುದು ಕಂಪನಿಗಳು ರೂಢಿಸಿಕೊಂಡ ಪದ್ಧತಿ. ಕಾನೂನಿನಲ್ಲಿ ಸಂಬಳಕ್ಕೆ 45 ದಿನದ ಗಡುವು ಇಲ್ಲ.

ಗುತ್ತಿಗೆಯಲ್ಲಿರುವವರಿಗೆ: ನೀವು ಕೆಲಸ ಮಾಡುವುದು ಒಂದು ಕಡೆ, ಸಂಬಳ ಕೊಡುವುದು ಏಜೆನ್ಸಿ ಎಂದಾದರೆ ಮೊದಲ ಹೊಣೆ ಏಜೆನ್ಸಿಯದು. ಅದು ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಮೂಲ ಸಂಸ್ಥೆಗೂ ಹೊಣೆ ಇದೆ. ನಿಮ್ಮ ಪತ್ರದ ಒಂದು ಪ್ರತಿ ಮೂಲ ಸಂಸ್ಥೆಗೂ ಹೋಗಲಿ. "ಬಿಲ್ ಪಾಸ್ ಆಗಿಲ್ಲ" ಎಂಬುದು ಅವರಿಬ್ಬರ ನಡುವಿನ ವ್ಯವಹಾರ.

ಸರ್ಕಾರಿ ನೌಕರರ ದಾರಿ ಬೇರೆ. ರಾಜ್ಯದಲ್ಲಿ ಸಂಬಳದ ಬಿಲ್ ಎಚ್‌ಆರ್‌ಎಂಎಸ್‌ನಲ್ಲಿ ತಯಾರಾಗಿ, ಖಜಾನೆ-2ರ ಮೂಲಕ ಪಾವತಿಯಾಗುತ್ತದೆ. ಸಂಬಳ ಬಟವಾಡೆ ಅಧಿಕಾರಿಯ ಬಳಿ ಬಿಲ್ ಖಜಾನೆಗೆ ಹೋಗಿದೆಯೇ, ಆಕ್ಷೇಪಣೆಯಾಗಿ ಹಿಂದಿರುಗಿದೆಯೇ ಎಂದು ಕೇಳಿ.

"ಹತ್ತು ಪಟ್ಟು ಸಿಗುತ್ತದೆ" ನಿಜವೇ?

ಸಂಹಿತೆಯಲ್ಲಿ ಹತ್ತು ಪಟ್ಟು ಎಂಬ ಮಾತು ಇದೆ, ಫಾರ್ವರ್ಡ್‌ನಲ್ಲಿ ಹೇಳುವ ಹಾಗಲ್ಲ. ಸಂಬಳದ ತಕರಾರು ಕೇಳಲು ಸರ್ಕಾರ ನೇಮಿಸುವ ಪ್ರಾಧಿಕಾರಕ್ಕೆ ನೀವು ಅರ್ಜಿ ಕೊಡಬೇಕು. ಎರಡೂ ಕಡೆಯವರ ಮಾತು ಕೇಳಿದ ಮೇಲೆ ಆ ಅಧಿಕಾರಿಗೆ ಸರಿ ಎನಿಸಿದರೆ, ಬರಬೇಕಾದ ಮೊತ್ತದ ಜೊತೆಗೆ ಪರಿಹಾರವನ್ನೂ ಕೊಡಿಸಬಹುದು. ಆ ಪರಿಹಾರಕ್ಕೆ ಗರಿಷ್ಠ ಮಿತಿ ಹತ್ತು ಪಟ್ಟು. 8ನೇ ತಾರೀಖು ಬೆಳಿಗ್ಗೆ ತಾನಾಗಿ ಹತ್ತು ಪಟ್ಟು ಜಮಾ ಆಗುವುದಿಲ್ಲ. ಈ ಫಾರ್ವರ್ಡ್ ನಂಬಿ ಕೈಕಟ್ಟಿ ಕುಳಿತವರಿಗೆ ಏನೂ ಸಿಗುವುದಿಲ್ಲ, ಅರ್ಜಿ ಕೊಟ್ಟವರಿಗೆ ಸಿಗಬಹುದು.

ಅರ್ಜಿಗೆ ಮೂರು ವರ್ಷದ ಕಾಲಾವಕಾಶವಿದೆ. ಹಳೆಯ ವೇತನ ಪಾವತಿ ಕಾಯ್ದೆಯಲ್ಲಿ ಇದ್ದದ್ದು ಒಂದು ವರ್ಷ. ನೀವೇ ಕೊಡಬಹುದು, ನೋಂದಾಯಿತ ಕಾರ್ಮಿಕ ಸಂಘದ ಮೂಲಕವೂ ಕೊಡಬಹುದು. ಎಲ್ಲಿಗೆ ಹೋಗಬೇಕೆಂದು ಗೊತ್ತಾಗದಿದ್ದರೆ ನಿಮ್ಮ ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಯಿಂದ ಶುರುಮಾಡಿ. ಕಾರ್ಮಿಕ ಇಲಾಖೆಯ ಮುಖ್ಯ ಕಚೇರಿ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿದೆ. ವಕೀಲರಿಗೆ ಕೊಡಲು ದುಡ್ಡಿಲ್ಲ ಎನ್ನುವವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಕೇಳಬಹುದು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕೈಗಾರಿಕಾ ಕಾರ್ಮಿಕರು ಮುಂತಾದವರಿಗೆ ಅಲ್ಲಿ ಉಚಿತ ಕಾನೂನು ನೆರವು ಸಿಗುತ್ತದೆ. ಸಹಾಯವಾಣಿ 15100.

ದೂರು ಕೊಡುವ ಯೋಚನೆ ಇರಲಿ, ಇಲ್ಲದಿರಲಿ, ಇವನ್ನು ಎತ್ತಿಟ್ಟುಕೊಳ್ಳಿ: ನೇಮಕಾತಿ ಪತ್ರ ಅಥವಾ ಗುರುತಿನ ಚೀಟಿ, ಹಿಂದಿನ ತಿಂಗಳ ಸಂಬಳದ ಚೀಟಿಗಳು, ಹಿಂದೆ ಸಂಬಳ ಜಮಾ ಆದದ್ದನ್ನು ತೋರಿಸುವ ಬ್ಯಾಂಕ್ ವಿವರ, ಹಾಜರಾತಿಯ ಫೋಟೊ, ಸಂಬಳ ಕೇಳಿ ನೀವು ಕಳಿಸಿದ ಮೆಸೇಜ್‌ಗಳು. ನೇಮಕಾತಿ ಪತ್ರವೇ ಇಲ್ಲದವರಿಗೆ ಬ್ಯಾಂಕ್ ವಿವರದಲ್ಲಿ ಪ್ರತಿ ತಿಂಗಳು ಕಾಣುವ ಕಂಪನಿಯ ಹೆಸರೇ ದೊಡ್ಡ ಸಾಕ್ಷಿ.

ಇನ್ನೊಂದು ಎಚ್ಚರಿಕೆಯ ಗಂಟೆ ಪಿಎಫ್. ತಿಂಗಳ ಪಿಎಫ್ ಹಣವನ್ನು ಕಂಪನಿ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಸಂಬಳದ ಚೀಟಿಯಲ್ಲಿ ಕಡಿತ ಕಾಣುತ್ತಿದ್ದು, ಪಿಎಫ್ ಪಾಸ್‌ಬುಕ್‌ನಲ್ಲಿ ತಿಂಗಳುಗಟ್ಟಲೆ ಜಮಾ ಕಾಣದಿದ್ದರೆ ಕಂಪನಿಯ ಹಣದ ಸ್ಥಿತಿ ಚೆನ್ನಾಗಿಲ್ಲದಿರಬಹುದು. ಉಮಂಗ್ ಆ್ಯಪ್‌ನಲ್ಲಿ ಇದನ್ನು ಆಗಾಗ ನೋಡುತ್ತಿರಿ.

ಸಂಬಳಕ್ಕೆ ಕಾಯುವವರೇ ಮೋಸಗಾರರಿಗೆ ಬೇಟೆ

ಹಣಕ್ಕಾಗಿ ಕಾಯುತ್ತಾ ಗಾಬರಿಯಲ್ಲಿರುವವರು ಬಂದ ಲಿಂಕನ್ನು ಬೇಗ ಒತ್ತುತ್ತಾರೆ. ಮೋಸಗಾರರಿಗೆ ಇದು ಗೊತ್ತು.

"ನಿಮ್ಮ ಸಂಬಳ ತಡೆಹಿಡಿಯಲಾಗಿದೆ, ಕೆವೈಸಿ ಅಪ್‌ಡೇಟ್ ಮಾಡಿ" ಎಂಬ ಲಿಂಕ್ ಅಥವಾ ಎಪಿಕೆ ಫೈಲ್ ಬಂದರೆ ತೆರೆಯಬೇಡಿ. ಆ ಫೈಲ್ ಇನ್‌ಸ್ಟಾಲ್ ಆದರೆ ನಿಮ್ಮ ಒಟಿಪಿಗಳನ್ನು ಅವರು ಓದುವಂತಾಗಬಹುದು.

ಬ್ಯಾಂಕಿನ ಸಹಾಯವಾಣಿ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ. ನಕಲಿ ನಂಬರ್‌ಗಳು ಅಲ್ಲಿಯೂ ಸೇರಿಕೊಂಡಿರುತ್ತವೆ. ಡೆಬಿಟ್ ಕಾರ್ಡಿನ ಹಿಂದೆ, ಪಾಸ್‌ಬುಕ್‌ನಲ್ಲಿ, ಬ್ಯಾಂಕಿನ ಆ್ಯಪ್‌ನಲ್ಲಿ ಇರುವ ನಂಬರನ್ನೇ ಬಳಸಿ.

ಹಣ ಪಡೆಯಲು ಯುಪಿಐ ಪಿನ್ ಬೇಕಿಲ್ಲ, ಒಟಿಪಿ ಬೇಕಿಲ್ಲ, ಕ್ಯೂಆರ್ ಸ್ಕ್ಯಾನ್ ಮಾಡಬೇಕಿಲ್ಲ. "ಸಂಬಳ ಬಿಡುಗಡೆ ಮಾಡುತ್ತೇವೆ, ಪಿನ್ ಒತ್ತಿ" ಎಂದರೆ ನಿಮ್ಮ ಖಾತೆಯಿಂದ ಹಣ ಹೋಗುತ್ತದೆ.

ಎಚ್‌ಆರ್‌ಗೆ ನಿಮ್ಮ ಹೆಸರಿನಲ್ಲಿ "ನನ್ನ ಖಾತೆ ಬದಲಾಗಿದೆ, ಇನ್ನು ಮುಂದೆ ಇದಕ್ಕೆ ಹಾಕಿ" ಎಂದು ನಕಲಿ ಇಮೇಲ್ ಕಳಿಸುವ ಮೋಸವೂ ಇದೆ. ನೀವು ಬದಲಿಸದೇ ಇದ್ದರೂ ಸಂಬಳ ಬೇರೆ ಖಾತೆಗೆ ಹೋಗಿದ್ದರೆ ಇದನ್ನೂ ಅನುಮಾನಿಸಿ. ಅದಕ್ಕಾಗಿಯೇ ನಮ್ಮ ಮಾದರಿ ಪತ್ರದಲ್ಲಿ "ಯಾವ ಖಾತೆ ನಂಬರಿಗೆ ಕಳಿಸಿದ್ದೀರಿ" ಎಂಬ ಪ್ರಶ್ನೆ ಸೇರಿಸಿದ್ದೇವೆ.

ಹಣ ಕಳೆದುಕೊಂಡರೆ ಕೂಡಲೇ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು.

ಅಷ್ಟರವರೆಗೆ ಕಂತು, ಬಾಡಿಗೆ?

ಸಂಬಳ ಬಂದಿಲ್ಲ ಎಂಬ ಕಾರಣಕ್ಕೆ ಸಾಲದ ಕಂತು ತಾನಾಗಿ ಮುಂದಕ್ಕೆ ಹೋಗುವುದಿಲ್ಲ. ಖಾತೆಯಲ್ಲಿ ಹಣ ಇಲ್ಲದೆ ಕಂತು ಬೌನ್ಸ್ ಆದರೆ ನಿಮ್ಮ ಬ್ಯಾಂಕೂ ಸಾಲ ಕೊಟ್ಟವರೂ ಇಬ್ಬರೂ ಶುಲ್ಕ ಹಾಕಬಹುದು, ಕ್ರೆಡಿಟ್ ವರದಿಯಲ್ಲೂ ದಾಖಲಾಗಬಹುದು. ಕಂತಿನ ದಿನಕ್ಕೆ ಮೊದಲೇ ಸಾಲ ಕೊಟ್ಟ ಬ್ಯಾಂಕಿಗೆ ಬರೆದು ತಿಳಿಸಿ, ಕೆಲವು ದಿನ ಅವಕಾಶ ಕೇಳಿ. ಕೊಡಲೇಬೇಕೆಂದಿಲ್ಲ, ಆದರೆ ಬೌನ್ಸ್ ಆದ ಮೇಲೆ ಕೇಳುವುದಕ್ಕಿಂತ ಮೊದಲು ಕೇಳಿದರೆ ಬೆಲೆ ಹೆಚ್ಚು. ಕಂಪನಿಯ ತಡದಿಂದ ಬಿದ್ದ ಶುಲ್ಕದ ರಸೀದಿ ಇಟ್ಟುಕೊಂಡು, ಅದನ್ನು ಭರಿಸುವಂತೆ ಕಂಪನಿಯನ್ನು ಕೇಳುವುದರಲ್ಲೂ ಸಂಕೋಚ ಬೇಡ.

ಐದು ನಿಮಿಷದಲ್ಲಿ ಸಾಲ ಎನ್ನುವ ಆ್ಯಪ್‌ಗಳ ವಿಷಯದಲ್ಲಿ ಹುಷಾರು. ಹೆಸರು ಕೇಳಿಲ್ಲದ, ಫೋನಿನಲ್ಲಿರುವ ನಂಬರ್‌ಗಳು ಮತ್ತು ಫೋಟೊಗಳಿಗೆ ಅನುಮತಿ ಕೇಳುವ ಆ್ಯಪ್‌ಗಳಿಂದ ದೂರವಿರಿ. ನಿಯಮದಂತೆ ನಡೆಯುವವರು ಯಾವ ಬ್ಯಾಂಕ್ ಅಥವಾ ಹಣಕಾಸು ಸಂಸ್ಥೆ ಸಾಲ ಕೊಡುತ್ತಿದೆ, ಬಡ್ಡಿ ಮತ್ತು ಶುಲ್ಕ ಸೇರಿ ಒಟ್ಟು ಎಷ್ಟು ಕಟ್ಟಬೇಕು ಎಂಬುದನ್ನು ಸಾಲಕ್ಕೆ ಮೊದಲೇ ಬರೆದು ಕೊಡಬೇಕು.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

ಆರಂಭದಲ್ಲಿ ಹೇಳಿದ ಮಹಿಳೆಗೆ ಕೊನೆಗೂ ಸಂಬಳ ಸಿಕ್ಕಿತು. ಹೋದ ಎರಡು ಅರ್ಧ ದಿನದ ಕೂಲಿ, ಕೈಸಾಲದ ಬಡ್ಡಿ ಮಾತ್ರ ಅವರ ಲೆಕ್ಕಕ್ಕೇ ಬಿತ್ತು. "ಮೊದಲನೇ ದಿನವೇ ಆ ನಂಬರ್ ಕೇಳಬೇಕಿತ್ತು" ಎಂದರು. ಈಗ ತಮ್ಮ ಜೊತೆ ಕೆಲಸ ಮಾಡುವವರ ಗುಂಪಿನಲ್ಲಿ ಯಾರಾದರೂ "ಸಂಬಳ ಆಯ್ತಾ?" ಎಂದು ಕೇಳಿದರೆ, ಆಗದವರಿಗೆ ಈ ಸಾಲುಗಳನ್ನು ಕಳಿಸುತ್ತಾರೆ. ನೀವೂ ಕಳಿಸಬಹುದು:

1. ಮೊದಲು ಖಾತೆಯ ಪೂರ್ತಿ ವಿವರ ನೋಡಿ. ಎಸ್‌ಎಂಎಸ್ ನಂಬಿ ಕೂರಬೇಡಿ.

2. ಜೊತೆಯವರಿಗೆ ಆಗಿದೆಯೇ ಕೇಳಿ.

3. ಕಂಪನಿಯಿಂದ ಯುಟಿಆರ್ ಮತ್ತು ಹಣ ಹಾಕಿದ ಖಾತೆ ನಂಬರನ್ನು ಬರಹದಲ್ಲಿ ಕೇಳಿ.

4. ಯುಟಿಆರ್ ಸಿಕ್ಕರೆ ಬ್ಯಾಂಕಿಗೆ ಹೋಗಿ. 30 ದಿನದಲ್ಲಿ ಪರಿಹಾರ ಆಗದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್, 14448.

5. ಯುಟಿಆರ್ ಸಿಗದೆ 7ನೇ ತಾರೀಖು ದಾಟಿದರೆ ಕಾರ್ಮಿಕ ಇಲಾಖೆ. ಉಚಿತ ಕಾನೂನು ನೆರವಿಗೆ 15100.

6. ಸಂಬಳ ಬಿಡಿಸಿಕೊಡುವ ಲಿಂಕ್ ಎಂಬುದು ಇಲ್ಲ. ಮೋಸ ಹೋದರೆ ಕೂಡಲೇ 1930.